ಧೂಳಿನ ಪುಸ್ತಕದಲ್ಲಿ ಒಂದು ಕೆಂಪು ಚುಕ್ಕೆ

ದೇವನಹಳ್ಳಿ

ಜಪಾನಿಗೆ ಹೋಗಿ ಬಂದೆ ಎಂದರೆ ಗುಬ್ಬಿಯಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಹಸಿ ಮೀನು ತಿಂದೆಯಾ? ಬುಲೆಟ್ ರೈಲು ಹತ್ತಿದೆಯಾ? ಎರಡೂ ಇಲ್ಲ. ನಾನು ಅಲ್ಲಿ ಹೆಚ್ಚಾಗಿ ಮಾಡಿದ್ದು ಹೆದರುವ ಕೆಲಸ. ಇಪ್ಪತ್ತು ದಿನ, ಏಳುವಾಗ ಒಂದು ಹೆದರಿಕೆ, ಮಲಗುವಾಗ ಇನ್ನೊಂದು. ಅದನ್ನೇ ಬರೆಯುತ್ತೇನೆ.

ನಾನು ಹುಟ್ಟಾ ಅಂಜುಬುರುಕಿ. ಹೆಸರು ಸಿದ್ದಗಂಗಮ್ಮ, ವಯಸ್ಸು ಐವತ್ತೆಂಟು. ಹತ್ತೊಂಬತ್ತಕ್ಕೆ ತುಮಕೂರಿನ ವಾಚ್ ಫ್ಯಾಕ್ಟರಿ ಸೇರಿ, ಅದು ಬಾಗಿಲು ಹಾಕುವವರೆಗೂ ಅಲ್ಲೇ ಕೂತು ಕೈಗಡಿಯಾರಗಳಿಗೆ ಹೇರ್‌ಸ್ಪ್ರಿಂಗ್ ಕೂರಿಸಿದವಳು. ಹೇರ್‌ಸ್ಪ್ರಿಂಗ್ ಎಂದರೆ ತಲೆಕೂದಲಿಗಿಂತ ತೆಳ್ಳಗಿನ ಲೋಹದ ಸುರುಳಿ. ಕೀ ಕೊಡುವ ವಾಚು ಟಿಕ್ ಟಿಕ್ ಅನ್ನುವುದು ಅದರ ದಯೆಯಿಂದ. ಅದನ್ನು ಚಿಮಟದಲ್ಲಿ ಎತ್ತಿ ಕೂರಿಸುವಾಗ ಉಸಿರು ಬಿಗಿ ಹಿಡಿಯಬೇಕು. ಹೆದರುಪುಕ್ಕಲರಿಗೆ ಉಸಿರು ಬಿಗಿ ಹಿಡಿಯುವುದನ್ನು ಬೇರೆಯವರು ಕಲಿಸಬೇಕಾಗಿಲ್ಲ. ಹಾಗಾಗಿ ಆ ಒಂದು ಕೆಲಸದಲ್ಲಿ ಮಾತ್ರ ನಾನು ಗಟ್ಟಿಗಿತ್ತಿ ಅನ್ನಿಸಿಕೊಂಡೆ.

ಫ್ಯಾಕ್ಟರಿ ಮುಚ್ಚಿದ ಮೇಲೆ ಗುಬ್ಬಿ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಗೂಡಂಗಡಿ ಹಾಕಿಕೊಂಡು ಬ್ಯಾಟರಿ, ಬೆಲ್ಟು ಬದಲಾಯಿಸುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ಇನ್ನು ನನ್ನ ಬದುಕಿನಲ್ಲಿ ಹೊಸದಾಗಿ ಏನೂ ಆಗುವುದಿಲ್ಲ ಅಂದುಕೊಂಡಿದ್ದಾಗ ತುಮಕೂರು ಪಕ್ಕದ ಸತ್ಯಮಂಗಲದ ನಾಗರಾಜು ಬಂದ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಮಾಡುವ ಶೆಡ್ಡು ಅವನದು. ಅವನ ತಾಯಿ ನನ್ನ ಪಕ್ಕದ ಬೆಂಚಿನವಳು. ಜಪಾನಿನ ಒಂದು ಹಳೆಯ ವಾಚ್ ಕಂಪನಿಗೆ ಕೀ ಕೊಡುವ ಗಡಿಯಾರ ಜೋಡಿಸುವ ಕೈಗಳು ಬೇಕಾಗಿದ್ದವು. ಅಂಥ ಗಡಿಯಾರಕ್ಕೆ ಈಗ ಮತ್ತೆ ಬೆಲೆ ಬಂದಿದೆಯಂತೆ. ಇಬ್ಬರು ಹೋಗಿ ಅಲ್ಲಿನ ಪದ್ಧತಿ ಕಲಿಯಬೇಕು, ಅವರು ಒಪ್ಪಿದರೆ ಕೆಲಸ ಸತ್ಯಮಂಗಲಕ್ಕೆ ಬರುತ್ತದೆ. ನಾಗರಾಜು ಮೂವತ್ತು ಹೆಂಗಸರ ಪಟ್ಟಿ ಬರೆದುಕೊಂಡು ಬಂದಿದ್ದ. ಅರ್ಧಕ್ಕರ್ಧ ನನ್ನ ಹಳೆಯ ಗೆಳತಿಯರ ಮಕ್ಕಳು, ಸೊಸೆಯರು.

"ಸಿದ್ದಗಂಗಕ್ಕ, ನಮ್ ಕಡೆ ಹೇರ್‌ಸ್ಪ್ರಿಂಗ್ ಮುಟ್ಟೋ ಕೈ ಉಳಿದಿರೋದು ನಿಮ್ದೊಂದೇ. ಅಲ್ಲಿ ನೀವೇನಾದ್ರೂ ಎಡವಟ್ಟು ಮಾಡ್ಕಂಡ್ರೆ ಈ ಮೂವತ್ತು ಜನಕ್ಕೆ ಕೆಲ್ಸ ಇಲ್ಲ ಅಂತ್ಲೇ ತಿಳ್ಕಳಿ."

"ಈ ಮಾತ್ನ ಹೋಗಿ ಬಂದ್ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವೇನಪ್ಪ?" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಪಟ್ಟಿಯ ಒಂದು ಪ್ರತಿ ಇಸಿದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡೆ.

ನನ್ನ ಜೊತೆ ಹೊರಟವಳು ಕುಣಿಗಲ್‌ನ ಚೈತ್ರಾ. ಇಪ್ಪತ್ತಾರು ವರ್ಷದ ಡಿಪ್ಲೊಮಾ ಹುಡುಗಿ, ಸಂಜೆ ಕ್ಲಾಸಿಗೆ ಹೋಗಿ ಜಪಾನಿ ಭಾಷೆ ಕಲಿತವಳು. ಅವಳಪ್ಪ ಕುದುರೆ ಸಾಕುವ ಕೆಲಸದಲ್ಲಿರುವವರು. ಆಳೆತ್ತರದ ಕುದುರೆಗಳ ಹೊಟ್ಟೆಯ ಕೆಳಗೆ ಆಡಿ ಬೆಳೆದವಳಿಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲ. ಜೋಡಿಸಿದ ಗಡಿಯಾರಗಳನ್ನು ತಪಾಸಣೆ ಮಾಡುವುದು ಅವಳ ಕೆಲಸ ಆಗಬೇಕಿತ್ತು.

ಸೂಟ್‌ಕೇಸ್ ಕಳೆದುಹೋದರೆ ಎಂದು ಹೆದರಿ ಫ್ಯಾಕ್ಟರಿ ಕಾಲದ ನನ್ನ ಚಿಮಟವನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಅದನ್ನು ಹೊರಗೆ ತೆಗೆದಾಗ ನನ್ನ ಜೀವ ಬಾಯಿಗೆ ಬಂತು. ಸೆಕ್ಯುರಿಟಿಯವನು ಅದರ ಮೊನೆಯನ್ನು ಬೆರಳಿಗೆ ಒತ್ತಿ ನೋಡಿ, "ಹುಬ್ಬು ಕೀಳೋಕಾ ಅಜ್ಜಿ?" ಎಂದು ವಾಪಸ್ ಕೊಟ್ಟ. ಹೂಂ ಅಂದೆ. ಅಜ್ಜಿ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಪ್ರಾಣ ಉಳಿಯಿತಲ್ಲ ಎಂದು ಅದೂ ಬರಲಿಲ್ಲ. ಕಾಲು ಶತಮಾನ ಸಮಯವನ್ನೇ ಜೋಡಿಸಿದವಳು ವಿಮಾನಕ್ಕೆ ಆರು ಗಂಟೆ ಮುಂಚೆ ಹೋಗಿ ಕೂತಿದ್ದೆ.

ತಂಗಿದ ಮನೆ

ಕಂಪನಿ ಇದ್ದದ್ದು ಬೆಟ್ಟಗಳ ನಡುವಿನ ಚಿಕ್ಕ ಊರಿನಲ್ಲಿ. ದೇವರಾಯನದುರ್ಗದ ಬೆಟ್ಟವನ್ನು ನಾಲ್ಕು ಸಲ ಒಂದರ ಮೇಲೊಂದು ಇಟ್ಟಂಥ ಬೆಟ್ಟಗಳು. ಮನೆಮನೆಯ ಮುಂದೆ ಟೊಮೆಟೊ ಹಣ್ಣಿನ ಹಾಗೆ ಕಾಣುವ ಕೇಸರಿ ಹಣ್ಣಿನ ಮರ, ಕಿತ್ತು ತಿನ್ನುವವರೇ ಇಲ್ಲ. ನಮ್ಮ ಕಡೆ ಆಗಿದ್ದರೆ ಸ್ಕೂಲು ಬಿಡುವ ಹೊತ್ತಿಗೆ ಮರ ಬೋಳಾಗಿರುತ್ತಿತ್ತು.

ನಾವು ತಂಗಿದ ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ಮೊದಲ ದಿನ ಬೆಳಿಗ್ಗೆ ನೆಲದ ಮೇಲೆ ಗಿಡ್ಡ ಮೇಜಿನ ಮುಂದೆ ಕೂತು ಅನ್ನ, ಅದಕ್ಕೊಂದು ತೆಳು ಸಾರು ಉಣ್ಣುತ್ತಿದ್ದೆವು. ಮೇಲೆ ತೂಗುಹಾಕಿದ್ದ ದೀಪ ತೊಟ್ಟಿಲಿನಂತೆ ಆಡತೊಡಗಿತು. ತಟ್ಟೆಗಳು ಕಟಕಟ ಅಂದವು. ನಾನು ಹೇಗೆ ಮೇಜಿನ ಕೆಳಗೆ ತೂರಿದೆನೋ ನನಗೇ ಗೊತ್ತಿಲ್ಲ. ಒಂದೇ ಸಮ ಮನೆದೇವರನ್ನು ಕೂಗುತ್ತಿದ್ದೆನಂತೆ. ಕೆಳಗಿನಿಂದ ನನಗೆ ಕಂಡದ್ದು ಒಡತಿಯ ಮೊಣಕಾಲು ಮಾತ್ರ. ಅದು ಅಲುಗಲಿಲ್ಲ. ಚಹಾ ಬಗ್ಗಿಸುತ್ತಿದ್ದ ಆಕೆ ಕುಡಿಕೆಯ ಮುಚ್ಚಳದ ಮೇಲೆ ಒಂದು ಬೆರಳು ಇಟ್ಟು, ದೀಪ ನೋಡುತ್ತಾ ಕಾದು, ಅದು ನಿಂತ ಮೇಲೆ ಬಗ್ಗಿಸುವುದನ್ನು ಮುಂದುವರಿಸಿದಳೆಂದು ಚೈತ್ರಾ ಆಮೇಲೆ ಹೇಳಿದಳು.

"ಆಂಟಿ, ಆಚೆ ಬನ್ನಿ, ಭೂಮಿ ನಿಂತದೆ," ಎಂದು ಅವಳು ನಗುತ್ತಾ ಕರೆದಳು.

ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಅಟ್ಟದಿಂದ ಕೊಳದಪ್ಪಲೆ ಬಿದ್ದರೆ ಹತ್ತು ಮನೆಯವರು ಹೊರಗೆ ಬರುತ್ತಾರೆ. ಇಲ್ಲಿ ಭೂಮಿಯೇ ಅಲ್ಲಾಡಿದರೂ ಮಾತಿಲ್ಲ. ಮಾರನೆಯ ದಿನ ಊಟಕ್ಕೆ ಕೂತಾಗ ಮೇಜಿನ ಕೆಳಗೆ ಒಂದು ದಿಂಬು ಇಟ್ಟಿತ್ತು. ನನಗಾಗಿ! ಹೊರಡುವವರೆಗೂ ಆ ದಿಂಬನ್ನು ಆಕೆ ದಿನಾ ಬೆಳಿಗ್ಗೆ ಇಟ್ಟಳು, ಒಂದು ಸಲವೂ ನಗದೆ.

ಗಾಜಿನ ಪೆಟ್ಟಿಗೆಗಳು

ನಮಗೆ ಕಲಿಸಲು ನೇಮಿಸಿದ್ದವರು ಒಗಾತಾ ಎನ್ನುವ ಹಿರಿಯರು. ನಿವೃತ್ತರಾಗಿದ್ದರೂ ಕಲಿಸಲೆಂದು ಮತ್ತೆ ಬರುತ್ತಿದ್ದರು. ಒಣಗಿದ ನುಗ್ಗೆಕಾಯಿಯಂಥ ಮೈ, ಪಕ್ಕದವರಿಗಷ್ಟೇ ಕೇಳುವ ದನಿ. ಕೆಲಸ ತೋರಿಸುವ ಮೊದಲು ಅವರು ನಮ್ಮನ್ನು ಕಂಪನಿಯ ಮ್ಯೂಸಿಯಮ್ಮಿಗೆ ಕರೆದೊಯ್ದರು.

ಮೊದಲ ಗಾಜಿನ ಪೆಟ್ಟಿಗೆಯಲ್ಲಿದ್ದ ಹಳೆಯ ಗಡಿಯಾರದ ತಲೆಬುಡ ನನಗೆ ಗೊತ್ತಾಗಲಿಲ್ಲ. ಒಗಾತಾ ಬಿಡಿಸಿ ಹೇಳಿದರು, ಚೈತ್ರಾ ಕನ್ನಡಕ್ಕೆ ತಂದಳು. ಹಿಂದೆ ಅವರ ದೇಶದಲ್ಲಿ ಹಗಲಿಗೆ ಆರು ಪಾಲು, ರಾತ್ರಿಗೆ ಆರು ಪಾಲು. ಬೇಸಿಗೆಯಲ್ಲಿ ಹಗಲಿನ ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗಡಿಯಾರದ ತೂಕದ ಬಿಲ್ಲೆಗಳನ್ನು ಸರಿಸಿ, ಅದನ್ನು ಸೂರ್ಯನಿಗೆ ಹೊಂದಿಸಬೇಕಿತ್ತು. ನಮ್ಮಜ್ಜಿ "ಹೊತ್ತು ಮಾರುದ್ದ ಏರಿದೆ, ಏಳೇ" ಅನ್ನುತ್ತಿದ್ದಳು. ಅವಳಿಗೆ ಈ ಗಡಿಯಾರ ಬಹಳ ಹಿಡಿಸುತ್ತಿತ್ತು. ಆಮೇಲೆ ಒಂದು ಚಳಿಗಾಲ ಸರ್ಕಾರ ಇನ್ನು ಮೇಲೆ ಎಲ್ಲ ಗಂಟೆಯೂ ಒಂದೇ ಅಳತೆ ಅಂದಿತು. ದೇಶದ ಗಡಿಯಾರಗಳೆಲ್ಲ ಗುಜರಿಗೆ ಬಿದ್ದವು. ಈ ಊರಿನ ಒಬ್ಬ ರಿಪೇರಿಯವನು ಆ ಗುಜರಿಯನ್ನು ಗಾಡಿಗಟ್ಟಲೆ ತಂದು, ಹಿತ್ತಾಳೆ ಚಕ್ರಗಳನ್ನು ಬಿಚ್ಚಿ, ಹೊಸ ಗೋಡೆ ಗಡಿಯಾರ ಮಾಡುವುದನ್ನು ತಾನಾಗಿ ಕಲಿತ. ಕಂಪನಿ ಶುರುವಾದದ್ದು ಹಾಗೆ.

ಮುಂದಿನ ಪೆಟ್ಟಿಗೆಗಳಲ್ಲಿ ಅವನ ಮಕ್ಕಳು ಮೊಮ್ಮಕ್ಕಳ ಕೆಲಸ. ಬಿದ್ದರೂ ನಿಲ್ಲದ ವಾಚು, ಅದನ್ನು ಮಾಳಿಗೆಯ ಮೇಲಿಂದ ಎಸೆದು ಎಸೆದು ಪರೀಕ್ಷೆ ಮಾಡಿದವರ ಫೋಟೋ. ಕಣ್ಣು ಕಾಣದವರು ಬೆರಳಿನಲ್ಲಿ ಮುಟ್ಟಿ ಹೊತ್ತು ತಿಳಿಯುವ ಚುಕ್ಕೆಗಳ ವಾಚು. ಕಿಟಕಿಯ ಹತ್ತಿರ ಕೂತು ಬೆಳಕು ಕುಡಿದು ಬದುಕುವ, ಬ್ಯಾಟರಿಯೇ ಬೇಡದ ವಾಚು. ಇವೆಲ್ಲದರ ನಡುವೆ, ವಿಶೇಷ ದೀಪದ ಕೆಳಗೆ, ಅಕ್ಕಿಕಾಳಿನಷ್ಟು ಒಂದು ಹರಳು. ವಿದ್ಯುತ್ತು ಕೊಟ್ಟರೆ ತಪ್ಪದೆ ಮಿಡಿಯುವ ಹರಳು. ಅದು ಬಂದ ಮೇಲೆ ಕೀ ಕೊಡುವ ಗಡಿಯಾರ ಯಾರಿಗೂ ಬೇಡವಾಯಿತು.

ಅದರ ಮುಂದೆ ನಿಂತಾಗ ನನಗೆ ಸಿಟ್ಟು ಉಕ್ಕಿ ಬಂತು. "ನಮ್ ಅನ್ನ ತಿಂದಿದ್ದು ಇದೇ ಅಂತ ಹೇಳು ಅವ್ರಿಗೆ," ಅಂದೆ. ಚೈತ್ರಾ ಹಿಂದೆ ಮುಂದೆ ನೋಡಿ ಹೇಳಿದಳು. ಒಗಾತಾ ನನ್ನ ಕಡೆ ತಿರುಗಲಿಲ್ಲ, ಹರಳನ್ನೇ ನೋಡುತ್ತಿದ್ದರು. ಈ ಕಟ್ಟಡದಲ್ಲೂ ಬೆಂಚುಗಳನ್ನು ಎತ್ತಿ ಗೋಡೌನಿಗೆ ಹಾಕಿದ್ದರಂತೆ. ಹೇರ್‌ಸ್ಪ್ರಿಂಗ್ ಕೂರಿಸುತ್ತಿದ್ದ ಅವರನ್ನು ಬೆಲ್ಟು ಪ್ಯಾಕ್ ಮಾಡಲು ಹಾಕಿದ್ದರಂತೆ, ಹದಿನೈದು ವರ್ಷ. ನಾನು ಅವರ ಕೈ ನೋಡಿದೆ. ಬಲಗೈ ಹೆಬ್ಬೆರಳು, ತೋರುಬೆರಳುಗಳಲ್ಲಿ ನನಗಿರುವಂಥದೇ ಜಡ್ಡು.

ಕೊನೆಯ ಕೋಣೆಯಲ್ಲಿ ಗಡಿಯಾರ ಇರಲಿಲ್ಲ, ದಪ್ಪ ದಪ್ಪ ಪುಸ್ತಕಗಳಿದ್ದವು. ಧೂಳಿನ ಪುಸ್ತಕ ಅನ್ನುತ್ತಾರೆ. ವಾಚಿನ ಒಳಗೆ ಎಂದಾದರೂ ಸಿಕ್ಕಿದ ಪ್ರತಿಯೊಂದು ಕಸವನ್ನೂ ಟೇಪಿನಲ್ಲಿ ಅಂಟಿಸಿ ಇಟ್ಟಿದ್ದಾರೆ. ಪಕ್ಕದಲ್ಲಿ ಮೂರು ಕಾಲಂ: ಏನು, ಎಲ್ಲಿ ಸಿಕ್ಕಿತು, ಎಲ್ಲಿಂದ ಬಂತು. ಬೆಕ್ಕಿನ ರೋಮ, ಮರದ ಹೂವಿನ ಪುಡಿ, ಕಾಲುಚೀಲದ ಉಣ್ಣೆ, ಯಾರದೋ ಮುಖದ ಪೌಡರು. ಪೆನ್ಸಿಲ್ಲಿನ ಪುಡಿ ಸಿಕ್ಕ ದಿನದಿಂದ ಪೆನ್ಸಿಲ್ ನಿಂತಿತು. ಜೇಬಿನ ನೂಲು ಸಿಕ್ಕ ದಿನದಿಂದ ಕೋಟುಗಳಿಗೆ ಜೇಬು ಇಲ್ಲ. ನಮ್ಮ ನಿಜವಾದ ಚರಿತ್ರೆ ಇಲ್ಲಿದೆ, ಆ ಗಾಜಿನ ಪೆಟ್ಟಿಗೆಗಳೆಲ್ಲ ಬಂದವರಿಗೆ ತೋರಿಸಲಿಕ್ಕೆ ಅಂದರು ಒಗಾತಾ.

ತಪ್ಪು ಮಾಡಿದವರ ಹೆಸರು ಯಾವ ಪುಟದಲ್ಲೂ ಇಲ್ಲ. ಆದರೆ ಮೂರನೆಯ ಕಾಲಂ ಖಾಲಿ ಬಿಡುವಂತಿಲ್ಲ. ಎಲ್ಲಿಂದ ಬಂತೆಂದು ಗೊತ್ತಾಗುವವರೆಗೆ ಆ ಕೋಣೆಯ ಕೆಲಸ ನಿಲ್ಲುತ್ತದೆ. ನಮ್ಮ ಫ್ಯಾಕ್ಟರಿಯಲ್ಲೂ ಧೂಳು ಕಂಡರೆ ಆಗುತ್ತಿರಲಿಲ್ಲ, ಆದರೆ ರಬ್ಬರ್ ಊದುಗೊಳವೆಯಲ್ಲಿ ಊದಿ, ಹೋಯ್ತು ಬಿಡು ಅನ್ನುತ್ತಿದ್ದೆವು.

ಮರುದಿನ ಜೋಡಣೆಯ ಕೋಣೆಗೆ ಹೋಗುವ ಮೊದಲು ಬಟ್ಟೆ ಬದಲಿಸುವ ಕಡೆ ಒಬ್ಬ ಹೆಂಗಸು ಚೈತ್ರಾಳ ಹಣೆಯ ಸ್ಟಿಕ್ಕರ್ ತೋರಿಸಿ ಕೈ ಮುಗಿದಳು. ಚೈತ್ರಾ ಅದನ್ನು ತೆಗೆದು ಕನ್ನಡಿಗೆ ಅಂಟಿಸಿದಳು. ನನ್ನ ಹಣೆ ನೋಡಿ ಆಕೆ ಸುಮ್ಮನೆ ಒಳಗೆ ಬಿಟ್ಟಳು. ಯಜಮಾನರು ಹೋದ ಮೇಲೆ ನಾನು ಕುಂಕುಮ ಇಡುತ್ತಿಲ್ಲ. ಇಡಬೇಡ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಊರವರು ಏನಂದುಕೊಳ್ಳುತ್ತಾರೋ ಎಂದು ಹೆದರಿ ನಾನೇ ಬಿಟ್ಟೆ.

ಒಂಬತ್ತನೆಯ ದಿನ

ಎಂಟು ದಿನ ಚೆನ್ನಾಗಿಯೇ ಕಳೆದವು. ನನ್ನ ಚಿಮಟವನ್ನು ತೊಳೆಸಿ, ಅದರಲ್ಲೇ ಕೆಲಸ ಮಾಡಲು ಒಗಾತಾ ಬಿಟ್ಟಿದ್ದರು. ಅದು ಒಳಗೇ ಇರಬೇಕು, ಹೊರಗೆ ಒಯ್ಯುವಂತಿಲ್ಲ ಅಷ್ಟೇ. ನಾನು ಕೂರಿಸಿದ ಮೊದಲ ಹೇರ್‌ಸ್ಪ್ರಿಂಗ್ ನೋಡಿ ಅವರು ಏನೂ ಹೇಳಲಿಲ್ಲ, ಎರಡನೆಯದನ್ನು ಕೊಟ್ಟರು. ಇಲ್ಲಿ ಅದೇ ಹೊಗಳಿಕೆ ಅಂದಳು ಚೈತ್ರಾ.

ಆಗ ಊರಿಂದ ನಾದಿನಿ ಫೋನ್ ಮಾಡಿದಳು. "ನಾಳೆ ಆಯುಧಪೂಜೆ ಕಣತ್ತಿಗೆ. ನಿನ್ನ ಅಂಗ್ಡಿ ಬೀಗಕ್ಕೆ ನಾನೇ ಕುಂಕುಮ ಇಡ್ತೀನಿ ಬುಡು, ಯೋಚ್ನೆ ಮಾಡ್ಬ್ಯಾಡ."

ಬೀಗದ ಯೋಚನೆ ನನಗಿರಲಿಲ್ಲ. ಚಿಮಟದ್ದಿತ್ತು. ಹತ್ತೊಂಬತ್ತನೇ ವಯಸ್ಸಿನಿಂದ ಒಂದು ವರ್ಷವೂ ಅದಕ್ಕೆ ಕುಂಕುಮ ತಪ್ಪಿಸಿದವಳಲ್ಲ. ಹಣೆಯ ಕುಂಕುಮ ಬಿಟ್ಟ ಮೇಲೂ ಅದರ ಕುಂಕುಮ ಬಿಟ್ಟಿರಲಿಲ್ಲ. ಮೂವತ್ತು ಜನರ ಅನ್ನ ಈ ಚಿಮಟದ ತುದಿಯಲ್ಲಿ ಇರುವಾಗ, ಅದೂ ಇದೇ ವರ್ಷ, ತಪ್ಪಿಸಿದರೆ ಏನಾದರೂ ಆದೀತು. ಹೆದರಿಕೆ ಅಂದರೆ ಹೀಗೆ. ಬೆನ್ನ ಹಿಂದೆ ಹುಲಿ ಬಂತೆಂದು ಓಡಿ ಬಾವಿಗೆ ಬೀಳುತ್ತೇವೆ.

ಬೆಳಿಗ್ಗೆ, ಮನೆದೇವರಿಗೆಂದು ಊರಿಂದ ತಂದಿದ್ದ ಕುಂಕುಮದ ಭರಣಿಯಿಂದ ಒಂದು ಚಿಟಿಕೆ ತೆಗೆದು ನೀರಿನಲ್ಲಿ ಕಲಸಿ ಕಿರುಬೆರಳಿಗೆ ಹಚ್ಚಿಕೊಂಡೆ. ಅದರ ಮೇಲೆ, ಕೆಲಸದ ಹೊತ್ತಿಗೆ ಬೆರಳಿಗೆ ಹಾಕುವ ರಬ್ಬರ್ ಟೋಪಿ ಏರಿಸಿದೆ. ಗಾಳಿ ಊದಿ ಮೈ ಝಾಡಿಸುವ ಗೂಡಿನಲ್ಲೂ ಅದು ಬೀಳಲಿಲ್ಲ. ಬೆಂಚಿನಲ್ಲಿ ಕೂತು, ಯಾರೂ ನೋಡದಾಗ ಟೋಪಿ ಸರಿಸಿ, ಚಿಮಟದ ಹಿಂಬದಿಗೆ ಸಾಸಿವೆಯಷ್ಟು ಚುಕ್ಕೆ ಇಟ್ಟೆ. ಪುಡಿಯಾಗಿದ್ದರೆ ಉದುರುತ್ತದೆ, ಒದ್ದೆ ಕುಂಕುಮ ಉದುರುವುದಿಲ್ಲ ಎನ್ನುವುದು ನನ್ನ ಲೆಕ್ಕ. ಗುಬ್ಬಿಯಲ್ಲಿ ಹಾಗೆ ಇಟ್ಟದ್ದು ದೀಪಾವಳಿವರೆಗೂ ಅಂಟಿಕೊಂಡಿರುತ್ತದೆ. ಈ ಕೋಣೆಯ ಗಾಳಿಯನ್ನು ಯಂತ್ರದಿಂದ ಒಣಗಿಸಿ ಬಿಡುತ್ತಾರೆ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟಬಾರದು ಎನ್ನುವ ನಮ್ಮದೇ ನಿಯಮವನ್ನೂ ಮುರಿದು ಸಂಜೆಯವರೆಗೆ ಕೆಲಸ ಮಾಡಿದೆ.

ಹತ್ತನೆಯ ದಿನ

ಬೆಳಿಗ್ಗೆ ಒಗಾತಾ ಒಂದು ತಟ್ಟೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಒಬ್ಬೊಬ್ಬರಾಗಿ ಎಲ್ಲರೂ ಕೈ ನಿಲ್ಲಿಸಿದರು. ಬೆಂಚುಗಳ ಮೇಲಿನ ಕೆಲಸಕ್ಕೆ ಗಾಜಿನ ಬೋಗುಣಿ ಮುಚ್ಚಿದರು. ಯಾರೂ ಕೂಗಲಿಲ್ಲ. ನಮ್ಮ ಸೂಪರ್‌ವೈಸರ್ ಆಗಿದ್ದರೆ "ಯಾರ್ರೀ ಅದು?" ಎಂದು ಕಟ್ಟಡ ಹಾರಿಸಿ, ಕಾಫಿ ಹೊತ್ತಿಗೆ ಮರೆತುಬಿಡುತ್ತಿದ್ದರು. ಬೈಗುಳಕ್ಕೆ ನಾನು ಹೆದರುತ್ತೇನೆ, ಆದರೆ ಆ ಮೌನದಷ್ಟು ಯಾವ ಬೈಗುಳಕ್ಕೂ ಹೆದರಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪರದೆಯ ಮೇಲೆ ತೋರಿಸಿದರು. ಚಕ್ರದ ಹಲ್ಲುಗಳ ಪಕ್ಕದಲ್ಲಿ ಒಂದು ಕೆಂಪು ಉಂಡೆ, ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳಿನಷ್ಟು ದೊಡ್ಡದಾಗಿ, ಅಷ್ಟೇ ಕೆಂಪಗೆ. ನಾನು ಮೆಲ್ಲಗೆ ಚಿಮಟ ತಿರುಗಿಸಿ ನೋಡಿದೆ. ಚುಕ್ಕೆ ಇದ್ದ ಜಾಗದಲ್ಲಿ ಒಂದು ಮಸುಕು ಕಲೆ ಉಳಿದಿತ್ತು. ಅಂಗೈ ಮುಚ್ಚಿದೆ. ಆಮೇಲೆ ಸ್ಪಿರಿಟಿನಲ್ಲಿ ಒರೆಸಿಬಿಟ್ಟೆ. ನೋಡಿ, ಅಂಜುಬುರುಕಿಯ ಕೈ ಎಷ್ಟು ಚುರುಕು.

ಯಾರೂ ಯಾರನ್ನೂ ದೂರಲಿಲ್ಲ. ಆದರೆ ಬಟ್ಟೆ ಬದಲಿಸುವ ಕಡೆಯ ಹೆಂಗಸಿಗೆ ಕನ್ನಡಿಯ ಮೇಲಿನ ಸ್ಟಿಕ್ಕರ್ ನೆನಪಾಯಿತು. ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದುಕೊಟ್ಟಳು. ಒಗಾತಾ ಚೈತ್ರಾಳನ್ನು ಕರೆದು ಏನೋ ಕೇಳಿದರು. ಅವಳು ತನ್ನ ಬ್ಯಾಗು ತಂದಳು. ಅದರಲ್ಲಿ ಅವಳಮ್ಮ ಕಟ್ಟಿಕೊಟ್ಟಿದ್ದ ಕುಂಕುಮದ ಪೊಟ್ಟಣ. ಎಲ್ಲಿಂದ ಬಂತೆಂದು ಖಾತ್ರಿಯಾಗುವವರೆಗೆ ಹೊರಗಿನ ಪಡಸಾಲೆಯಲ್ಲಿ ಕೂತಿರು ಎಂದು ಅವಳಿಗೆ ಬಹಳ ಮರ್ಯಾದೆಯಿಂದ ಹೇಳಿದರು. ಮಧ್ಯಾಹ್ನವಿಡೀ ಗಾಜಿನ ಆಚೆ ಅವಳ ಬೆನ್ನು ನನಗೆ ಕಾಣುತ್ತಿತ್ತು.

ಸಂಜೆ ತಂಗಿದ ಮನೆಯಲ್ಲಿ ಅವಳು ಅತ್ತಳು. ಕುದುರೆಗೂ ಹೆದರದ ಹುಡುಗಿ. "ಆಂಟಿ, ಆ ಪೊಟ್ಣ ಮುಟ್ಟಿ ಒಳಗೆ ಬಂದಿದೀನೇನೋ. ನನ್ನಿಂದ್ಲೇ ಆಗಿರೋದು. ನಾಳೆ ಹೇಳ್ಬಿಡ್ತೀನಿ. ನನ್ನ ಕಳಿಸಿದ್ರೂ ಪರ್ವಾಗಿಲ್ಲ, ಚೆಕ್ ಮಾಡೋರು ಇನ್ನೊಬ್ರು ಸಿಗ್ತಾರೆ. ನಿಮ್ ಕೈ ಉಳ್ಕೋಬೇಕು. ನಿಮ್ ಹಣೇಲಂತೂ ಕುಂಕುಮನೇ ಇಲ್ಲ, ನಿಮ್ಮನ್ನ ಯಾರೂ ಕೇಳಲ್ಲ."

ಆಗ ನಾನು ಹೇಳಿದ್ದು ಎರಡೇ ಮಾತು: "ಊಟ ಮಾಡು."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ನನಗೆ ಹೆದರಿಕೆಯಾದದ್ದು. ಅವಳು ಹೋದರೆ ಕೆಲಸ ಉಳಿಯಬಹುದು, ನಾನು ಹೋದರೆ ಉಳಿಯುವುದಿಲ್ಲ. ಪರ್ಸಿನಿಂದ ಪಟ್ಟಿ ತೆಗೆದು ಮೂವತ್ತು ಹೆಸರನ್ನೂ ಓದಿದೆ, ನಾನು ಬಾಯಿ ಮುಚ್ಚಿಕೊಂಡಿರುವುದು ಇವರಿಗೋಸ್ಕರ ಎಂದು ನನ್ನನ್ನೇ ನಂಬಿಸಲು. ಒಂದೊಂದು ಹೆಸರು ಓದಿದಾಗಲೂ ಆ ಹೆಂಗಸು ಪಡಸಾಲೆಯಲ್ಲಿ ಬೆನ್ನು ಮಾಡಿ ಕೂತ ಹಾಗೆ ಕಂಡಿತು. ಊರಿಗೆ ಹೆದರಿ ಬರಿದು ಮಾಡಿಕೊಂಡ ಹಣೆ ಈಗ ನನಗೆ ಅಡಗಿಕೊಳ್ಳುವ ಜಾಗವಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹನ್ನೊಂದನೆಯ ದಿನ

ಬೆಳಿಗ್ಗೆ ಹೊರಗಿನ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಚೈತ್ರಾ ಮುಂದೆ ಹೋಗಲು ಕಾಲೆತ್ತಿದಳು. ನಾನು ಅವಳ ರಟ್ಟೆ ಹಿಡಿದೆ.

"ನಾನ್ ಹೇಳೋದ್ನ ಒಂದಕ್ಷರ ಬಿಡ್ದೆ ಅವ್ರಿಗೆ ಹೇಳು. ಆ ಕುಂಕುಮ ನಂದು. ಆಯುಧಪೂಜೆ ದಿನ ನಾನೇ ಬೇಕಂತ ಚಿಮಟಕ್ಕೆ ಇಟ್ಟೆ. ನಿನ್ನೆ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ."

ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಅವರ ಕಡೆ ತಿರುಗಿ, ಮುಖದಲ್ಲಿ ನಗು ತಂದುಕೊಂಡು, ನನಗೆ ಕನ್ನಡದಲ್ಲಿ ಹೇಳಿದಳು: "ಸುಮ್ನಿರಿ ಆಂಟಿ. ನಾನು ಬೇರೆ ಏನೋ ಹೇಳ್ತೀನಿ." ಜಪಾನಿ ಭಾಷೆಯಲ್ಲಿ ಮಾತು ಶುರು ಮಾಡಿದಳು. ಏನು ಹೇಳುತ್ತಿದ್ದಾಳೆಂದು ನನಗೆ ಹೇಗೆ ಗೊತ್ತಾಗಬೇಕು? ಹೇಳುವ ಧೈರ್ಯ ಬಂದಾಗ ಹೇಳಲು ಭಾಷೆ ಇಲ್ಲ.

ನಾನು ತಂದಿದ್ದ ಭರಣಿಯನ್ನು ಒಗಾತಾ ಮುಂದಿನ ಮೇಜಿನ ಮೇಲೆ ಇಟ್ಟೆ. ಮುಚ್ಚಳ ತೆಗೆದೆ. ಬೆರಳು ಒದ್ದೆ ಮಾಡಿ, ಕುಂಕುಮ ತೆಗೆದು, ರಬ್ಬರ್ ಟೋಪಿ ಹಾಕಿ ತೋರಿಸಿದೆ. ಟೋಪಿ ಸರಿಸಿ ಮೇಜಿನ ಮೇಲಿದ್ದ ಪೆನ್ನಿನ ಹಿಂಬದಿಗೆ ಚುಕ್ಕೆ ಇಟ್ಟೆ. ಆಮೇಲೆ ನನ್ನ ಎದೆ ಮುಟ್ಟಿಕೊಂಡೆ. ಚೈತ್ರಾಳ ಮಾತು ಅರ್ಧಕ್ಕೆ ನಿಂತಿತು.

ಒಗಾತಾ ಕೋಪ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪ್ರಶ್ನೆ ಕೇಳಿ ಬರೆದುಕೊಂಡರು. ಯಾವ ಬೆರಳು? ಎಷ್ಟು ನೀರು? ಇಟ್ಟದ್ದು ಎಷ್ಟು ಗಂಟೆಗೆ? ಕೊನೆಗೆ, ಏಕೆ? "ಅನ್ನ ಕೊಡೋ ವಸ್ತುಗೆ ವರ್ಷಕ್ಕೊಂದ್ಸಲ ಕೈ ಮುಗೀತೀವಿ," ಅಂದೆ. ಈ ಸಲ ಚೈತ್ರಾ ನಗು ತಂದುಕೊಳ್ಳದೆ, ತಾನೂ ಕೈ ಮುಗಿದು ತೋರಿಸಿ ಹೇಳಿದಳು. ಅವರು ಅದನ್ನೂ ಬರೆದುಕೊಂಡರು.

ಆಯುಧಪೂಜೆಯ ದಿನದ ಗಡಿಯಾರಗಳನ್ನೆಲ್ಲ ಬಿಚ್ಚಿ ನೋಡುವ ಕೆಲಸ ನನ್ನದಾಯಿತು. ಎರಡು ದಿನ ಹಿಡಿಯಿತು, ಇನ್ನೂ ಮೂರು ಕಣ ಸಿಕ್ಕವು. ಮೂರನ್ನೂ ನಾನೇ ಹೋಗಿ ತೋರಿಸಿದೆ. ಅದಾದ ಮೇಲೆ ಹೇರ್‌ಸ್ಪ್ರಿಂಗ್ ಬೆಂಚಿಗೆ ನನ್ನನ್ನು ಕೂರಿಸಲಿಲ್ಲ. ಉಳಿದ ದಿನ ತಟ್ಟೆ ತೊಳೆದೆ, ಬೇರೆಯವರ ಕೈ ನೋಡುತ್ತಾ ನಿಂತೆ. ಕೆಲಸ ಸತ್ಯಮಂಗಲಕ್ಕೆ ಬರುವುದಿಲ್ಲ ಎನ್ನುವುದು ನನಗೆ ಖಾತ್ರಿಯಾಗಿತ್ತು. ನಾಗರಾಜುವಿಗೆ ಹೇಗೆ ಹೇಳಲಿ ಎಂದು ದಿನಾ ಒಂದು ಮಾತು ಜೋಡಿಸುತ್ತಿದ್ದೆ, ಬಿಚ್ಚುತ್ತಿದ್ದೆ.

ಹೊರಡುವ ದಿನ ಒಗಾತಾ ನಮ್ಮನ್ನು ಪುಸ್ತಕದ ಕೋಣೆಗೆ ಕರೆದರು. ಹೊಸ ಪುಟದಲ್ಲಿ ಟೇಪಿನ ಕೆಳಗೆ ನಾಲ್ಕು ಕೆಂಪು ಕಣ. ಚೈತ್ರಾ ಓದಿದಳು. ಏನು: ಕುಂಕುಮ. ಎಲ್ಲಿ: ಮೂರನೆಯ ಚಕ್ರದ ಪಕ್ಕ. ಎಲ್ಲಿಂದ: ಚಿಮಟದ ಹಿಂಬದಿಯಿಂದ, ನೀರಲ್ಲಿ ಕಲಸಿದ್ದು ಒಣಗಾಳಿಗೆ ಪುಡಿಯಾಗಿ. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ನಾವು ಹುಡುಕಿದ್ದಲ್ಲ, ತಾನೇ ಹೇಳಿದಳು. ಚೈತ್ರಾ ಹಿಂದಿನ ಪುಟಗಳನ್ನು ತಿರುವಿ ನೋಡಿದಳು. ಅಂಥ ಸಾಲು ಬೇರೆಲ್ಲೂ ಸಿಗಲಿಲ್ಲ. ಒಗಾತಾ ಬಗ್ಗಿ ನಮಸ್ಕರಿಸಿದರು. ಕೆಲಸದ ಮಾತು ಎತ್ತಲಿಲ್ಲ.

ವಿಮಾನದಲ್ಲಿ ಚೈತ್ರಾ ಒಂದೇ ಪ್ರಶ್ನೆ ಕೇಳಿದಳು. "ಒಂದ್ ದಿನ ಯಾಕಾಂಟಿ ತಡ ಮಾಡಿದ್ರಿ?"

"ಹೆದ್ರಿಕೆ ಕಣೇ," ಅಂದೆ. ಅವಳು ಕಿಟಕಿ ಕಡೆ ತಿರುಗಿಕೊಂಡಳು.

ಸತ್ಯಮಂಗಲ

ನಾಲ್ಕು ತಿಂಗಳು ಸುದ್ದಿಯೇ ಇಲ್ಲ. ನಾಗರಾಜುವಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದೆ, ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಗುಬ್ಬಿ ಪೇಟೆಯಲ್ಲಿ ಪಟ್ಟಿಯ ಹೆಂಗಸರು ಎದುರಾದರೆ ನಾನು ಬೇರೆ ರಸ್ತೆಗೆ ತಿರುಗುತ್ತಿದ್ದೆ. ಆಮೇಲೆ ಒಂದು ದಿನ ಕಂಪನಿಯಿಂದ ಕಾಗದ ಬಂತು. ಕೆಲಸ ಕೊಡುತ್ತೇವೆ, ಮೊದಲ ವರ್ಷ ಪರೀಕ್ಷೆಗೆ. ಷರತ್ತು ಒಂದೇ, ನಿಮ್ಮ ಕೋಣೆಯಲ್ಲೂ ಒಂದು ಧೂಳಿನ ಪುಸ್ತಕ ಇರಬೇಕು, ಅದನ್ನು ಸಿದ್ದಗಂಗಮ್ಮನೇ ಬರೆಯಬೇಕು. ನಾನು ಅತ್ತೆ. ಸಂತೋಷಕ್ಕೆ ಅರ್ಧ, ಹೆದರಿಕೆಗೆ ಅರ್ಧ.

ಕೋಣೆ ಶುರುವಾದ ಮೊದಲ ವಾರವೇ ಚೈತ್ರಾ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ನನ್ನನ್ನು ಕರೆದಳು. ಚಕ್ರದ ಪಕ್ಕ ಕಂದು ಬಣ್ಣದ ಒಂದು ಕಣ. ಕೆಲಸ ನಿಲ್ಲಿಸಿ, ಬೋಗುಣಿ ಮುಚ್ಚಿ ಅಂದೆ. ಯಾರನ್ನೂ ಕೂಗಲಿಲ್ಲ, ಹೇಗೆ ವಿಚಾರಿಸುವುದೆಂದು ಯೋಚಿಸುತ್ತಾ ಪುಸ್ತಕ ತೆಗೆದುಕೊಂಡು ಕೂತೆ. ಐದು ನಿಮಿಷ ಆಗಿರಲಿಲ್ಲ. ಊರ್ಡಿಗೆರೆಯಿಂದ ಬರುವ ರತ್ನಮ್ಮ, ಎರಡು ಮಕ್ಕಳ ತಾಯಿ, ಪಟ್ಟಿಯಲ್ಲಿ ಹದಿನೇಳನೆಯ ಹೆಸರು, ನನ್ನ ಮುಂದೆ ಬಂದು ನಿಂತಳು. ರಬ್ಬರ್ ಟೋಪಿ ಕಳಚಿ ಬೆರಳುಗಳನ್ನು ಮುಂದೆ ಚಾಚಿದಳು.

"ಅಕ್ಕಾ, ಅದು ನಂದೇ ಕಣಕ್ಕ. ಬೆಳಿಗ್ಗೆ ಮುದ್ದೆ ತಿರ್ವಿ, ಬಸ್ ಹೋಯ್ತದೆ ಅಂತ ಕೈ ಸರ್ಯಾಗಿ ತೊಳೀದೆ ಓಡ್ಬಂದೆ. ಉಗುರ್ ಸಂದೀಲಿ ರಾಗಿಟ್ಟು ಇದ್ದದ್ದು ಈಗ ನೋಡ್ಕಂಡೆ. ಟೋಪಿ ಹಾಕುವಾಗ ಉದುರ್ಬುಟ್ಟದೆ. ಕೆಲ್ಸದಿಂದ ತೆಗೀಬ್ಯಾಡಕ್ಕ."

ಅವಳನ್ನು ಕೂರಿಸಿ ನೀರು ಕೊಟ್ಟೆ. ಖಾಲಿಯಿದ್ದ ಮೊದಲ ಪುಟದಲ್ಲಿ ಟೇಪು ಅಂಟಿಸಿ ಪೆನ್ನು ತೆಗೆದುಕೊಂಡೆ. ಏನು: ರಾಗಿ ಹಿಟ್ಟು. ಎಲ್ಲಿ: ಎರಡನೆಯ ಚಕ್ರದ ಪಕ್ಕ. ಎಲ್ಲಿಂದ: ಉಗುರಿನ ಸಂದಿಯಿಂದ. ಕೆಳಗೆ ಇನ್ನೊಂದು ಸಾಲು ಬರೆದೆ: ನಾವು ಹುಡುಕಿದ್ದಲ್ಲ, ತಾನೇ ಹೇಳಿದಳು.

ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಚೈತ್ರಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಸಾಲಿನ ಕೊನೆಗೆ ಎರಡು ಪದ ಸೇರಿಸಿದಳು: ಅದೇ ದಿನ.